ಕಾಂಕ್ರೀಟು ಮುಚ್ಚುವ ಮುನ್ನ ಕಂಬಿ ನೋಡಿ

ಮನೆ ಕಟ್ಟಿಸುವಾಗ ಬಾಗಿಲಿನ ಕೆತ್ತನೆ, ಅಡುಗೆಕಟ್ಟೆಯ ಕಲ್ಲು, ಗೋಡೆಯ ಬಣ್ಣ ಇವನ್ನೆಲ್ಲ ನಾವು ಹೆಂಗಸರು ಹತ್ತು ಸಲ ನೋಡುತ್ತೇವೆ. ಕಂಬಿ ಕಟ್ಟುವವರ ಕೆಲಸ ಮಾತ್ರ ಕಣ್ಣಿಗೇ ಬೀಳೋಲ್ಲ. ಮೋಲ್ಡ್ ಹಾಕಿದ ದಿನ ಸಂಜೆಯೊಳಗೆ ಅದು ಕಾಂಕ್ರೀಟಿನಡಿ ಮುಚ್ಚಿಹೋಗುತ್ತೆ. ಆದರೆ ತಾರಸಿ ನಿಲ್ಲುವುದು ಅದರ ಬಲದಿಂದಲೇ ಅಲ್ಲವೇ?

ಕಷ್ಟದ ಕೆಲಸ ಕಣ್ರೀ ಅದು. 12 ಮಿಲಿಮೀಟರ್ ದಪ್ಪ, 12 ಮೀಟರ್ ಉದ್ದದ ಒಂದೇ ಕಂಬಿ ಸುಮಾರು ಹತ್ತೂವರೆ ಕಿಲೋ ತೂಗುತ್ತೆ. ಅಂಥವನ್ನು ಹೊತ್ತು ತಂದು, ಕತ್ತರಿಸಿ, ಬಗ್ಗಿಸಿ, ಕಂಬ ತೊಲೆಗಳಿಗೆ ರಿಂಗು ಮಾಡಿ, ಕೂಡಿದ ಕಡೆಯೆಲ್ಲ ಸಣ್ಣ ತಂತಿಯಿಂದ ಬಿಗಿಯಬೇಕು. ಬೇಸಗೆಯಲ್ಲಿ ಕಂಬಿ ಕಾದ ಕಾವಲಿಯಂತಾಗಿರುತ್ತೆ.

ಇದರಲ್ಲೊಂದು ಲೆಕ್ಕವೂ ಇದೆ. ಕಾಂಕ್ರೀಟು ಭಾರ ಹೊರುತ್ತೆ, ಎಳೆತ ತಡೆಯೋಲ್ಲ. ಎಳೆತ ತಡೆಯುವುದು ಕಬ್ಬಿಣ. ಕೊಬ್ಬರಿ ಮಿಠಾಯಿಯ ತುಂಡನ್ನು ತಟ್ಟೆಯ ಅಂಚಿನಿಂದ ಅರ್ಧ ಹೊರಗಿಟ್ಟು ತುದಿಯನ್ನು ಒತ್ತಿ ನೋಡಿ. ಮೇಲುಗಡೆ ಬಿರುಕು ಬಿಡುತ್ತೆ. ಗೋಡೆಯಿಂದ ಹೊರಚಾಚಿದ ಸಜ್ಜಾ, ಬಾಲ್ಕನಿಗಳೂ ಹಾಗೆಯೇ. ಆದ್ದರಿಂದ ಅವುಗಳ ಮುಖ್ಯ ಕಂಬಿ ಮೇಲುಭಾಗದಲ್ಲೇ ಇರಬೇಕು. ಕಾಂಕ್ರೀಟು ಹೊರುವವರು ತುಳಿದು ಕಂಬಿ ಕೆಳಗಿಳಿದರೆ ಸಜ್ಜಾ ಮುರಿದು ಬೀಳಬಹುದು. ಅದರ ಕೆಳಗೆ ಓಡಾಡುವವರು ನಮ್ಮ ಮಕ್ಕಳೇ ತಾನೇ?

ಮೋಲ್ಡಿನ ಹಿಂದಿನ ದಿನ ನೀವೇ ಹೋಗಿ ಇಷ್ಟು ನೋಡಿ:

1. ಕಂಬಿಯ ಕೆಳಗೆ ಸಿಮೆಂಟಿನ ಬಿಲ್ಲೆಗಳಿವೆಯೇ? ಕಂಬಿ ಹಲಗೆಗೆ ತಾಗಿ ಕೂತರೆ ಮುಂದೆ ತುಕ್ಕು ಹಿಡಿದು ಉಬ್ಬಿ, ಗಾರೆ ಉದುರುತ್ತೆ.

2. ಮೇಲಿನ ಕಂಬಿಗೆ ಆಸರೆಯಾಗಿ ಕಂಬಿಯದೇ ಕುರ್ಚಿಗಳನ್ನು ಇಟ್ಟಿದ್ದಾರೆಯೇ?

3. ರಿಂಗಿನ ತುದಿಗಳು ಒಳಕ್ಕೆ ಬಾಗಿವೆಯೇ?

4. ಕಾಂಕ್ರೀಟು ಹೊರುವವರು ನಡೆಯಲು ಹಲಗೆ ಇದೆಯೇ?

ಕಾಂಕ್ರೀಟು ಹಾಕುವಾಗ ಕಂಬಿಯವರಲ್ಲಿ ಒಬ್ಬರನ್ನು ಅಲ್ಲೇ ಉಳಿಸಿಕೊಳ್ಳಿ. ಜಾರಿದ ಕಂಬಿಯನ್ನು ಎತ್ತಿ ಕಟ್ಟುತ್ತಾರೆ. ಆ ದಿನದ ಕೂಲಿಗೆ ಚೌಕಾಸಿ ಬೇಡ.

ಅವರಿಗೆ ಕೈಗವಸು, ಕುಡಿಯಲು ಮಜ್ಜಿಗೆ ಕೊಡಿಸಿ. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದಾರೆಯೇ ಎಂದೂ ಕೇಳಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಬರೆಸಬಹುದು.

ಇಂಜಿನಿಯರು ಕಂಬಿ ನೋಡಿ ಒಪ್ಪುವ ತನಕ ಮೋಲ್ಡ್ ಹಾಕಿಸಬೇಡಿ. ಯಜಮಾನರು "ಮುಹೂರ್ತ ತಪ್ಪುತ್ತೆ" ಅಂದರೆ, ಇನ್ನೊಂದು ಮುಹೂರ್ತ ಸಿಕ್ಕೇ ಸಿಗುತ್ತೆ ಅನ್ನಿ. ಕಾಂಕ್ರೀಟು ಗಟ್ಟಿಯಾದ ಮೇಲೆ ಕಂಬಿ ಸರಿಮಾಡಲು ಯಾರಿಂದಲೂ ಆಗದು.