ತಾತನ ಪಕ್ಕೆಯಲ್ಲಿ ಹಾವು

ಮಕ್ಕಳೇ, ಕಳೆದ ತಿಂಗಳು ನನ್ನ ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದೆ. ಮೂರನೇ ದಿನ ಸ್ನಾನಕ್ಕೆಂದು ಬನಿಯನ್ ತೆಗೆದಾಗ ನನ್ನಾಕೆ, "ಅಯ್ಯೋ, ಸರ್ಪಸುತ್ತು ಕಣ್ರೀ!" ಎಂದಳು. ಬೆನ್ನಿನಿಂದ ಎದೆಯ ಕಡೆಗೆ ಕೆಂಪು ಗುಳ್ಳೆಗಳು ಪಟ್ಟಿಯಂತೆ ಎದ್ದಿದ್ದವು.

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಎದುರುಮನೆಯವರು ಬಂದು, "ಕೆಮ್ಮಣ್ಣಿನಲ್ಲಿ ಹಾವು ಬರೆಸಿ. ಹೆಡೆ, ಬಾಲ ಸೇರಿಬಿಟ್ಟರೆ ಕಷ್ಟ" ಎಂದರು. ಮೊಮ್ಮಗಳು ಹೆದರಿ, "ತಾತ, ಆ ಹಾವು ಎಲ್ಲಿಂದ ಬಂತು?" ಎಂದಳು.

ಅದನ್ನೇ ಡಾಕ್ಟರನ್ನು ಕೇಳಿದೆ. "ಹೊರಗಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಆಗಿತ್ತಾ?" ಎಂದರು. ಆಗಿತ್ತು, 7ನೇ ವಯಸ್ಸಿನಲ್ಲಿ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು ಇನ್ನೂ ನೆನಪಿದೆ. ನನಗೀಗ 69. ಅಂದಿನ ಚಿಕನ್‌ಪಾಕ್ಸ್ ವೈರಸ್ 62 ವರ್ಷ ನನ್ನೊಳಗೇ ಅಡಗಿತ್ತಂತೆ!

ಅಷ್ಟು ಕಾಲ ಮೈಯ ಕಾವಲುಗಾರರ ಕೈಗೆ ಸಿಗದೆ ಇದ್ದದ್ದು ಹೇಗೆ? ನಮ್ಮ ಜೀವಕೋಶಗಳು ತಮ್ಮೊಳಗೆ ಏನೇನು ತಯಾರಾಗುತ್ತಿದೆ ಎಂಬುದರ ಸಣ್ಣ ಮಾದರಿಗಳನ್ನು ಹೊರಬಾಗಿಲಲ್ಲಿ ತೂಗುಹಾಕುತ್ತವೆ. ಗಸ್ತು ತಿರುಗುವ ಬಿಳಿ ರಕ್ತಕಣಗಳು ಅದರಲ್ಲಿ ವೈರಸ್ಸಿನ ಚೂರು ಕಂಡರೆ ಆ ಕೋಶವನ್ನೇ ಮುಗಿಸುತ್ತವೆ. ಈ ಕಳ್ಳ ವೈರಸ್ ಮಾದರಿಗಳನ್ನು ಬಾಗಿಲಿಗೆ ಬಿಡದೆ ಒಳಮನೆಯಲ್ಲೇ ತಡೆದಿಡುತ್ತದೆ. ಜ್ವರ ಬಂದಾಗ ತುಟಿಯಲ್ಲಿ ಗುಳ್ಳೆ ಎಬ್ಬಿಸುವ ಅದರ ದಾಯಾದಿಯಂತೂ ಮಾದರಿ ಸಾಗಿಸುವ ದಾರಿಗೇ ಬಿರಡೆ ಹಾಕುತ್ತದೆ.

ಕಾವಲುಗಾರರೂ ಸುಮ್ಮನಿರುವುದಿಲ್ಲ. ಒಂದೆರಡು ವಾರದಲ್ಲಿ ಗೆಲ್ಲುತ್ತಾರೆ, ಅಮ್ಮ ಇಳಿಯುತ್ತದೆ. ಅಷ್ಟರಲ್ಲಿ ಕೆಲವು ವೈರಸ್‌ಗಳು ಬೆನ್ನುಹುರಿಯ ಪಕ್ಕದ ನರಗಂಟು ಸೇರಿಕೊಂಡಿರುತ್ತವೆ. ಅಲ್ಲಿ ಕೆಲಸವನ್ನೆಲ್ಲ ಹೆಚ್ಚುಕಡಿಮೆ ನಿಲ್ಲಿಸಿ ಮಲಗುತ್ತವೆ. ಏನೂ ತಯಾರಾಗದಿದ್ದರೆ ತೋರಿಸಲು ಮಾದರಿಯಾದರೂ ಎಲ್ಲಿ? ವಯಸ್ಸಾಗಿ ಕಾವಲು ಸಡಿಲವಾದಾಗ ಎದ್ದು, ನರದ ಗುಂಟ ಚರ್ಮಕ್ಕೆ ಬರುತ್ತವೆ. ಆ ನರ ಮೈಯ ಒಂದೇ ಪಕ್ಕಕ್ಕೆ ಸೇರಿದ್ದು. ಆದ್ದರಿಂದ ಸಾಮಾನ್ಯವಾಗಿ ಹೆಡೆ, ಬಾಲ ಸೇರುವುದೇ ಇಲ್ಲ!

ಇಂಗ್ಲೆಂಡಿನ ಸಣ್ಣ ಊರಿನ ವೈದ್ಯ ಹೋಪ್-ಸಿಂಪ್ಸನ್ ವರ್ಷಗಟ್ಟಲೆ ತಮ್ಮ ರೋಗಿಗಳ ಲೆಕ್ಕ ಬರೆದಿಟ್ಟು, ಹಳೆಯ ವೈರಸ್ಸೇ ಹೀಗೆ ಏಳುತ್ತದೆಂದು 1965ರಲ್ಲಿ ವಿವರಿಸಿದರು. ಈ ವೈರಸ್ ಕುಟುಂಬದ ಹೆಸರು ಹರ್ಪಿಸ್. ಗ್ರೀಕ್ ಭಾಷೆಯಲ್ಲಿ ತೆವಳುವುದು ಎಂಬ ಮಾತಿನಿಂದ ಬಂದದ್ದು. ಸಂಸ್ಕೃತದ 'ಸರ್ಪ'ಕ್ಕೂ ಅದಕ್ಕೂ ಮೂಲ ಒಂದೇ!

"ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ತಡವಾದರೆ ನೋವು ತಿಂಗಳುಗಟ್ಟಲೆ ಉಳಿಯಬಹುದು" ಎಂದ ಡಾಕ್ಟರು, "ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರಾ?" ಎಂದರು. ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬಾರದ, ಲಸಿಕೆಯೂ ಆಗದ ಮಗುವಿಗೆ ಚಿಕನ್‌ಪಾಕ್ಸ್ ಬರಬಹುದಂತೆ. ಮೊಮ್ಮಗಳಿಗೆ ಎರಡು ಡೋಸ್ ಆಗಿತ್ತು. ಅವಳ ತಮ್ಮನಿಗೆ ಇನ್ನೂ 8 ತಿಂಗಳು.

ಹಕ್ಕಳೆ ಕಟ್ಟುವವರೆಗೆ ಅವನನ್ನು ನಾನು ಎತ್ತಿಕೊಳ್ಳಲಿಲ್ಲ. ಅಂಬೆಗಾಲಿಟ್ಟು ನನ್ನ ಕೋಣೆಯ ಬಾಗಿಲಿಗೆ ಬಂದು ಕೈಚಾಚಿ ಅಳುತ್ತಿದ್ದ. ಉರಿಗಿಂತ ಅದನ್ನು ತಡೆಯುವುದೇ ಕಷ್ಟವಾಗಿತ್ತು. ಅವನಿಗೆ ಏನೂ ಆಗಲಿಲ್ಲ. ಈಗ ದಿನವಿಡೀ ನನ್ನ ತೊಡೆಯ ಮೇಲೇ!

ತಮ್ಮ ಪುಟ್ಟ ಮಗ ಚಿಕನ್‌ಪಾಕ್ಸ್‌ನಿಂದ ನರಳಿದ್ದನ್ನು ಕಂಡಿದ್ದ ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಅದಕ್ಕೆ ಲಸಿಕೆ ತಯಾರಿಸಿದರು. ಸರ್ಪಸುತ್ತಿಗೂ ಈಗ ಲಸಿಕೆ ಇದೆ. 50 ದಾಟಿದ ಹಿರಿಯರು ತಮ್ಮ ಡಾಕ್ಟರನ್ನು ವಿಚಾರಿಸಿ.

ಮಕ್ಕಳೇ, ಇವತ್ತು ನಿಮ್ಮ ಅಜ್ಜ-ಅಜ್ಜಿಯನ್ನು ಕೇಳಿ: "ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಆಗಿತ್ತಾ?"