ಹರಿವಿನ ನಕಾಶೆ

ಮರಾಠಿಯ 'ನಕಾಶಾ', ಸೊಲ್ಲಾಪುರ ಸೀಮೆಯ ಕನ್ನಡದ 'ನಕಾಶೆ', ಗ್ರಂಥಸ್ಥ ಕನ್ನಡದ 'ನಕ್ಷೆ' ಈ ಮೂರೂ ಅರಬ್ಬೀ-ಪಾರಸಿ ಮೂಲದ ಒಂದೇ ಶಬ್ದದ ಸಂತಾನಗಳು. ಎರಡೂ ಭಾಷೆಗಳಲ್ಲಿ ಶಾಲಾಭ್ಯಾಸ ಮಾಡಿದ ನನ್ನ ತಲೆಮಾರಿನವರಿಗೆ ನಕಾಶೆಯೆಂದರೆ ನಿಂತ ವಸ್ತುವಿನ ಚಿತ್ರ. ಬೆಟ್ಟ, ನದಿ, ಗಡಿ, ರೈಲುಮಾರ್ಗ ಇವೆಲ್ಲ ಒಮ್ಮೆ ಬರೆದರೆ ವರ್ಷಗಟ್ಟಲೆ ಹಾಗೆಯೇ ಇರುವಂಥವು. ಇಂದು ಗಣಕಲೋಕದಲ್ಲಿ ಬೇರೊಂದು ಬಗೆಯ ನಕಾಶೆ ರೂಢಿಗೆ ಬಂದಿದೆ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವಸ್ತು ಎಲ್ಲಿದೆ ಎಂಬುದಕ್ಕಿಂತ ಯಾವುದು ಯಾವುದರೊಡನೆ ಮಾತನಾಡುತ್ತಿದೆ ಎಂಬುದನ್ನು ತೋರಿಸುತ್ತದೆ. ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ನಮ್ಮ ಫಲಿತಾಂಶ, ವಿದ್ಯಾರ್ಥಿವೇತನ, ಬ್ಯಾಂಕಿನ ಖಾತೆ, ರೈಲಿನ ಮುಂಗಡ ಚೀಟಿ ಎಲ್ಲವೂ ಇಂಥ ವ್ಯವಸ್ಥೆಗಳ ಮೂಲಕವೇ ಹಾದು ಬರುತ್ತಿರುವಾಗ, ಅವುಗಳ ಒಳಗನ್ನು ಯಾರು ಹೇಗೆ ನೋಡುತ್ತಾರೆ ಎಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು 'ಕಂಟೇನರ್' ಎಂಬುದರ ಪರಿಚಯ. ಈ ಹೆಸರು ಬಂದರುಕಟ್ಟೆಯಿಂದ ಬಂದದ್ದು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್‌ಲೀನ್ ಎಂಬ ಅಮೆರಿಕದ ಸಾರಿಗೆ ಉದ್ಯಮಿ 58 ಲೋಹದ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಸಾಗಿಸಿದನು. ಪೆಟ್ಟಿಗೆಯೊಳಗೆ ಏನಿದ್ದರೂ ಅದರ ಹೊರ ಅಳತೆ ಒಂದೇ; ಆದುದರಿಂದ ಯಾವ ಕ್ರೇನಾದರೂ ಎತ್ತಬಲ್ಲದು, ಯಾವ ಲಾರಿಯಾದರೂ ಒಯ್ಯಬಲ್ಲದು. ಇದೇ ತತ್ತ್ವವನ್ನು ತಂತ್ರಾಂಶಕ್ಕೆ ಅನ್ವಯಿಸಿ, 2013ರಲ್ಲಿ ಬಿಡುಗಡೆಯಾದ 'ಡಾಕರ್' ಎಂಬ ಸಾಧನವು ಜನಪ್ರಿಯಗೊಳಿಸಿತು. ಸಾವಿರಾರು ಪೆಟ್ಟಿಗೆಗಳನ್ನು ಎಲ್ಲಿ ಇಳಿಸಬೇಕು, ಕೆಟ್ಟರೆ ಎಲ್ಲಿ ಮತ್ತೆ ಏರಿಸಬೇಕು ಎಂದು ನಿರ್ಧರಿಸುವ 'ಕುಬರ್ನೆಟೀಸ್' 2014ರಲ್ಲಿ ಗೂಗಲ್ ಸಂಸ್ಥೆಯಿಂದ ಹೊರಬಂದಿತು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಚುಕ್ಕಾಣಿಗನೆಂಬ ಅರ್ಥ.

ನಮ್ಮ ಕಡೆಯ ಹಳೆಯ ವಾಡೆಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ವರ್ಚುವಲ್ ಯಂತ್ರವೆಂಬುದು ಒಂದೇ ನಿವೇಶನದಲ್ಲಿ ಕಟ್ಟಿದ ಪ್ರತ್ಯೇಕ ಮನೆಯಂತೆ; ಅದಕ್ಕೆ ತನ್ನದೇ ಬಾವಿ, ತನ್ನದೇ ಅಡಿಗೆಮನೆ, ಅಂದರೆ ತನ್ನದೇ ಕಾರ್ಯಾಚರಣ ವ್ಯವಸ್ಥೆ. ಕಂಟೇನರ್ ಎಂಬುದು ವಾಡೆಯೊಳಗಿನ ಕೋಣೆ. ಬಾವಿ ಎಲ್ಲರಿಗೂ ಒಂದೇ; ಅದೇ ಕರ್ನೆಲ್, ಅಂದರೆ ಯಂತ್ರದ ತಿರುಳು. ಆದರೆ ಪ್ರತಿ ಕೋಣೆಗೂ ತನ್ನ ಬಾಗಿಲು, ತನ್ನ ಬಾಗಿಲಸಂಖ್ಯೆ. ಒಳಗಿನಿಂದ ಅಂಗಳಕ್ಕೆ ಎಳೆದ ಒಂದು ಕಾಲ್ಪನಿಕ ತಂತಿಯ ಮೂಲಕವೇ ಅದರ ಮಾತುಕತೆ. ಹಿಂದೆ ಒಂದೇ ದೊಡ್ಡ ತಂತ್ರಾಂಶವು ಮಾಡುತ್ತಿದ್ದ ಕೆಲಸವನ್ನು ಇಂದು ಇಂಥ ಅನೇಕ ಕೋಣೆಗಳು ಹಂಚಿಕೊಂಡಿವೆ. ಒಂದು ಹೆಸರನ್ನು ಪರಿಶೀಲಿಸುತ್ತದೆ, ಇನ್ನೊಂದು ಶುಲ್ಕ ಸ್ವೀಕರಿಸುತ್ತದೆ, ಮತ್ತೊಂದು ರಸೀದಿ ಬರೆಯುತ್ತದೆ.

ಈ ಮಾತುಕತೆಯನ್ನು ಗಮನಿಸುವುದು ಕಷ್ಟವೇಕೆ? ಮೊದಲನೆಯದಾಗಿ, ಒಂದೇ ವಾಡೆಯ ಎರಡು ಕೋಣೆಗಳ ನಡುವಿನ ಮಾತು ಬೀದಿಗೆ ಬರುವುದೇ ಇಲ್ಲ. ಬೀದಿಯ ತುದಿಯಲ್ಲಿ ನಿಂತ ಕಾವಲುಗಾರನಿಗೆ, ಅಂದರೆ ಭೌತಿಕ ಜಾಲದ ಸ್ವಿಚ್ಚಿಗೆ, ಅದು ಕೇಳಿಸದು. ಎರಡನೆಯದಾಗಿ, ಕೋಣೆಗಳು ಅಲ್ಪಾಯುಷಿಗಳು. ಒಂದು ಕಂಟೇನರ್ ಅಳಿದು ಅದರ ಬದಲಿ ಹುಟ್ಟಿದಾಗ ವಿಳಾಸವೂ ಸಾಮಾನ್ಯವಾಗಿ ಹೊಸದಾಗುತ್ತದೆ; ಬೆಳಿಗ್ಗೆ ವಿಳಾಸಗಳನ್ನು ನೋಡಿ ಬರೆದ ಚಿತ್ರ ಮಧ್ಯಾಹ್ನಕ್ಕೆ ಹಳತಾಗುತ್ತದೆ. ಮೂರನೆಯದಾಗಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಪ್ಯಾಕೆಟ್ಟನ್ನು ಅನೇಕ ವೇಳೆ ಬೇರೊಂದು ಪ್ಯಾಕೆಟ್ಟಿನೊಳಗಿಟ್ಟು ಕಳುಹಿಸುತ್ತಾರೆ. ಲಕೋಟೆಯೊಳಗೆ ಲಕೋಟೆ ಇದ್ದಾಗ ಹೊರಗಿನ ವಿಳಾಸ ಓದಿದವನಿಗೆ ಒಳಗಿನ ಕಳುಹಿಸಿದವರೂ ಪಡೆಯುವವರೂ ತಿಳಿಯುವುದಿಲ್ಲ. ಇವೆಲ್ಲದರ ಮೇಲೆ ಸಂಖ್ಯೆಯ ಭಾರ ಬೇರೆ. 20 ಸೇವೆಗಳಿದ್ದರೆ ಸಾಧ್ಯವಾದ ಜೋಡಿಗಳು 190. ಊಬರ್ ಸಂಸ್ಥೆ 2020ರಲ್ಲಿ ತನ್ನಲ್ಲಿ ಸುಮಾರು 2,200 ಮುಖ್ಯ ಸೇವೆಗಳಿರುವುದಾಗಿ ಪ್ರಕಟಿಸಿತ್ತು. ಆ ಲೆಕ್ಕದಲ್ಲಿ ಜೋಡಿಗಳು 24 ಲಕ್ಷವನ್ನು ಮೀರುತ್ತವೆ. ಇದನ್ನು ಯಾವ ಒಬ್ಬ ಮನುಷ್ಯನೂ ತಲೆಯಲ್ಲಿಟ್ಟುಕೊಳ್ಳಲಾರ.

ಆದುದರಿಂದ ತಂತ್ರಜ್ಞರು ಮೂರು ಮುಖ್ಯ ದಾರಿಗಳನ್ನು ಹಿಡಿದಿದ್ದಾರೆ. ಒಂದು, ಬಾವಿಕಟ್ಟೆಯಲ್ಲೇ ಕುಳಿತು ನೋಡುವುದು. ಎಲ್ಲ ಕೋಣೆಗಳ ಸಂಚಾರವೂ ಒಂದೇ ಕರ್ನೆಲ್ಲನ್ನು ಹಾದುಹೋಗುವುದರಿಂದ, 'ಇಬಿಪಿಎಫ್' ಎಂಬ ಸೌಲಭ್ಯದ ಮೂಲಕ ಅಲ್ಲಿ ಪುಟ್ಟ ವೀಕ್ಷಕ ಕ್ರಮವಿಧಿಗಳನ್ನು ಇರಿಸಬಹುದು. ಸಿಲಿಯಂ ಯೋಜನೆಯ 'ಹಬಲ್' ಈ ಬಗೆಯದು. ಎರಡು, ಪ್ರತಿ ಬಾಗಿಲಿಗೂ ಒಬ್ಬ ದ್ವಾರಪಾಲಕನನ್ನು ನಿಲ್ಲಿಸಿ, ಬರುವ ಹೋಗುವ ಮಾತನ್ನೆಲ್ಲ ಅವನ ಮೂಲಕವೇ ಸಾಗಿಸುವುದು. 2017ರಲ್ಲಿ ಬಂದ 'ಇಸ್ಟಿಯೊ' ಹೀಗೆ ನಡೆಯುತ್ತದೆ. ಅದರ ವರದಿಗಳಿಂದ ರೇಖಾಚಿತ್ರ ಬರೆಯುವ ಸಾಧನಕ್ಕೆ 'ಕಿಯಾಲಿ' ಎಂದು ಹೆಸರು. ಗ್ರೀಕ್‌ನಲ್ಲಿ ಹಾಗೆಂದರೆ ದುರ್ಬೀನು. ಮೂರು, ಪ್ರತಿಯೊಂದು ಕೋರಿಕೆಯ ಕೊರಳಿಗೂ ಒಂದು ಗುರುತುಚೀಟಿ ಕಟ್ಟಿ, ಅದು ಯಾವ ಯಾವ ಕೋಣೆಗಳನ್ನು ಸುತ್ತಿ ಬಂದಿತೆಂದು ಹಿಂಬಾಲಿಸುವುದು. ಗೂಗಲ್ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ 'ಡ್ಯಾಪರ್' ಎಂಬ ಪ್ರಬಂಧವು ಈ ಕ್ರಮವನ್ನು ಪ್ರಸಿದ್ಧಗೊಳಿಸಿತು. ಯಾವ ದಾರಿಯಲ್ಲಿ ಬಂದರೂ ಕೊನೆಗೆ ಪರದೆಯ ಮೇಲೆ ಮೂಡುವುದು ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಗೆರೆಗಳು. ಸಂಚಾರ ಹೆಚ್ಚಿದಲ್ಲಿ ಗೆರೆ ದಪ್ಪವಾಗುತ್ತದೆ, ದೋಷ ಕಂಡಲ್ಲಿ ಕೆಂಪಾಗುತ್ತದೆ.

ಇನ್ನು ನನ್ನ ಅಭಿಪ್ರಾಯ. ಪ್ರತಿ ವ್ಯವಸ್ಥೆಗೂ ಎರಡು ನಕಾಶೆಗಳಿರುತ್ತವೆ. ಕಟ್ಟುವ ಮೊದಲು ಬರೆದದ್ದು ಒಂದು; ಕಟ್ಟಿದ ಮೇಲೆ ಹರಿವನ್ನು ನೋಡಿ ಮೂಡಿದ್ದು ಇನ್ನೊಂದು. ಮೊದಲನೆಯದು ಕಟ್ಟುವವರ ಉದ್ದೇಶವನ್ನು ಹೇಳುತ್ತದೆ, ಎರಡನೆಯದು ನಡೆಯುತ್ತಿರುವ ಬದುಕನ್ನು. ಗಡಿಸೀಮೆಯವರಾದ ನಮಗೆ ಈ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಕಾಶೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳು ಗೆರೆಯ ಒಂದು ಬದಿಗೆ, ವಿಜಯಪುರ, ಕಲಬುರಗಿಗಳು ಇನ್ನೊಂದು ಬದಿಗೆ ಬಿದ್ದವು. ಆದರೆ ಜೋಳದ ಚೀಲ, ಮದುವೆಯ ದಿಬ್ಬಣ, ಮಠದ ಭಕ್ತರು ಆ ಗೆರೆಯನ್ನು ದಾಟುತ್ತಲೇ ಇದ್ದಾರೆ. ಆಡಳಿತದ ನಕಾಶೆ ಸುಳ್ಳಲ್ಲ. ಅದನ್ನೊಂದನ್ನೇ ನಂಬಿ ಈ ಸೀಮೆಯ ಶಾಲೆಯನ್ನೋ ಬಸ್ಸಿನ ವೇಳಾಪಟ್ಟಿಯನ್ನೋ ಯೋಜಿಸುವವರು ಮಾತ್ರ ತಪ್ಪುತ್ತಾರೆ. ಗಣಕವ್ಯವಸ್ಥೆಯ ವಿಷಯದಲ್ಲೂ ಹಾಗೆಯೇ. ಸಾರ್ವಜನಿಕರ ಕೆಲಸಕ್ಕೆ ನಿಂತ ಯಾವ ವ್ಯವಸ್ಥೆಯನ್ನೂ ಹರಿವಿನ ನಕಾಶೆಯಿಲ್ಲದೆ ನಡೆಸಬಾರದು. ಮತ್ತು ಆ ನಕಾಶೆಯನ್ನು ಓದಬಲ್ಲ ಮನುಷ್ಯನಿಲ್ಲದೆ ಅದನ್ನು ಗೋಡೆಯ ಮೇಲೆ ತೂಗುಹಾಕಬಾರದು.

ಇದರ ಅಗತ್ಯವನ್ನು ತೋರಿಸುವ ಘಟನೆ 2017ರ ಫೆಬ್ರವರಿ 28ರದು. ಅಮೆಜಾನ್ ಸಂಸ್ಥೆಯ 'ಎಸ್-3' ಎಂಬ ದತ್ತಾಂಶ ಸಂಗ್ರಹ ಸೇವೆಯಲ್ಲಿ ಲೆಕ್ಕಪತ್ರದ ವಿಭಾಗ ನಿಧಾನವಾಗಿತ್ತು. ಅದನ್ನು ಸರಿಪಡಿಸಲು ಕೆಲವೇ ಸರ್ವರುಗಳನ್ನು ತೆಗೆಯುವ ಆಜ್ಞೆ ಕೊಡಬೇಕಾಗಿದ್ದಲ್ಲಿ, ಟಂಕಿಸಿದ ಒಂದು ಅಂಶ ತಪ್ಪಾಗಿ ಹೆಚ್ಚು ಸರ್ವರುಗಳು ಹೊರಬಿದ್ದವು. ಅವು ಇನ್ನೆರಡು ಮುಖ್ಯ ಉಪವ್ಯವಸ್ಥೆಗಳಿಗೂ ಆಧಾರವಾಗಿದ್ದವು. ಆ ಪ್ರದೇಶದ ಸೇವೆ ಸುಮಾರು ನಾಲ್ಕು ತಾಸು ಕುಂಠಿತವಾಗಿ, ಅದನ್ನು ಅವಲಂಬಿಸಿದ್ದ ಅಸಂಖ್ಯ ಜಾಲತಾಣಗಳು ನಿಂತವು. ಅದಕ್ಕಿಂತಲೂ ಗಮನಾರ್ಹವಾದ ಸಂಗತಿ ಸಂಸ್ಥೆಯೇ ಪ್ರಕಟಿಸಿದ ವಿವರಣೆಯಲ್ಲಿದೆ. ಯಾವ ಸೇವೆ ಆರೋಗ್ಯದಿಂದಿದೆ, ಯಾವುದು ಇಲ್ಲ ಎಂದು ಗ್ರಾಹಕರಿಗೆ ತೋರಿಸುವ ಫಲಕವನ್ನು ಬಹಳ ಹೊತ್ತು ತಿದ್ದಲಾಗಲಿಲ್ಲ. ಏಕೆಂದರೆ ಆ ಫಲಕದ ನಿರ್ವಹಣೆಯೂ ಕುಸಿದಿದ್ದ ಅದೇ ಎಸ್-3ನ್ನು ಅವಲಂಬಿಸಿತ್ತು. ನೋಡುವ ಕಣ್ಣು ನೋಡಬೇಕಾದ ದೇಹಕ್ಕೇ ಅಂಟಿಕೊಂಡಿದ್ದರೆ ಆಗುವುದು ಹೀಗೆ. ಕಣ್ಣಿಗೂ ದೇಹಕ್ಕೂ ನಡುವಿನ ಆ ಒಂದು ಗೆರೆಯನ್ನು ಮೊದಲೇ ಗುರುತಿಸಿ ಅದರ ಅರ್ಥವನ್ನು ತಿಳಿದಿದ್ದರೆ ಫಲಕವನ್ನಾದರೂ ಬೇರೆ ಕಡೆ ಇಡಬಹುದಾಗಿತ್ತು.

ಹಾಗೆಂದು ಹರಿವಿನ ನಕಾಶೆಯನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಅದು ನೋಡಿದಷ್ಟನ್ನು ಮಾತ್ರ ಹೇಳುತ್ತದೆ. ಡ್ಯಾಪರ್‌ನ ಮೊದಲ ಬಳಕೆಯಲ್ಲಿ ಸರಾಸರಿ 1,024 ಕೋರಿಕೆಗಳಲ್ಲಿ ಒಂದನ್ನು ಮಾತ್ರ ಹಿಂಬಾಲಿಸುತ್ತಿದ್ದರು. ಅಪರೂಪಕ್ಕೆ ನಡೆಯುವುದು ಅಂಥ ಜರಡಿಯಿಂದ ಜಾರಿಹೋಗುವ ಸಂಭವವಿದೆ. ಇನ್ನೊಂದು ಅಪಾಯ ಕಾಲದ್ದು. ಶ್ರಾವಣದ ಒಂದು ವಾರ ಸೊಲ್ಲಾಪುರದ ಬೀದಿಗಳ ಸಂಚಾರವನ್ನು ಅಳೆದವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಕಾಣಿಸದು. ಹೀಗೆಯೇ ಕೆಲವು ಸೇವೆಗಳು ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವ ದಿನವೋ ಫಲಿತಾಂಶದ ದಿನವೋ, ಮಾತ್ರ ಮಾತನಾಡುತ್ತವೆ. ಕುಬರ್ನೆಟೀಸಿನಲ್ಲಿ ಬೇರೆ ನಿಯಮ ಹೇರದಿದ್ದರೆ ಯಾವ ಕೋಣೆಯಾದರೂ ಯಾವ ಕೋಣೆಯೊಡನೆಯೂ ಮಾತನಾಡಬಹುದು. ಈ ಸಡಿಲನ್ನು ಬಿಗಿಗೊಳಿಸಲು ಹರಿವಿನ ನಕಾಶೆಯನ್ನು ನೋಡಿ, ಗೆರೆಯಿಲ್ಲದ ದಾರಿಗಳನ್ನೆಲ್ಲ ಮುಚ್ಚುವ ಪದ್ಧತಿಯಿದೆ. ಪದ್ಧತಿ ಒಳ್ಳೆಯದೇ. ಆದರೆ ಒಂದು ವಾರ ಮೌನವಾಗಿದ್ದ ದಾರಿಯನ್ನು ಅನಾವಶ್ಯಕವೆಂದು ಮುಚ್ಚಿದರೆ ಜಾತ್ರೆಯ ದಿನ ತೇರು ಹೊರಡುವುದಿಲ್ಲ.

ಗೆರೆಯಿಲ್ಲದ ಜಾಗವನ್ನೂ ಓದಬೇಕೆಂಬುದಕ್ಕೆ 1854ರ ಲಂಡನ್ನಿನ ಕಾಲರಾ ನಕಾಶೆ ಸಾಕ್ಷಿ. ವೈದ್ಯನಾದ ಜಾನ್ ಸ್ನೋ ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ಸಾವುಗಳನ್ನು ಗುರುತಿಸಿದನೆಂಬುದು ಎಲ್ಲರಿಗೂ ಗೊತ್ತು. ಪಂಪಿನ ಸಮೀಪವೇ ಇದ್ದರೂ ಸಾವು ವಿರಳವಾಗಿದ್ದ ಅನಾಥಾಲಯದಂಥ ಒಂದು ದುಡಿಮೆಯ ಮನೆ ಮತ್ತು ಒಂದು ಬಿಯರು ತಯಾರಿಕೆಯ ಕಾರ್ಖಾನೆಗಳ ಬಗ್ಗೆಯೂ ಅವನು ವಿಚಾರಿಸಿದನು. ಮೊದಲನೆಯದಕ್ಕೆ ಸ್ವಂತ ಬಾವಿಯಿತ್ತು, ಎರಡನೆಯದರ ಕೆಲಸಗಾರರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಈ ಖಾಲಿ ಜಾಗಗಳೇ ಅವನ ವಾದವನ್ನು ಗಟ್ಟಿಗೊಳಿಸಿದವು. ಚುಕ್ಕೆಗಳನ್ನು ಬರೆಯಲು ಯಾರಾದರೂ ಸಾಕು. ಚುಕ್ಕೆಯಿಲ್ಲದಲ್ಲಿ ಹೋಗಿ ಬಾಗಿಲು ತಟ್ಟಿ ಕೇಳುವವನು ಓದುಗ.

ಈ ಮಾತಿಗೆ ಬರುವ ಎರಡು ಆಕ್ಷೇಪಗಳನ್ನು ಬಲ್ಲೆ. ವೀಕ್ಷಣೆಗೆ ಖರ್ಚಿದೆ, ದ್ವಾರಪಾಲಕರಿಂದ ವೇಗ ತಗ್ಗುತ್ತದೆ ಎಂಬುದು ಒಂದು. ನಿಜ; ಆದರೆ ವ್ಯವಸ್ಥೆ ನಿಂತಾಗ ಆ ಖರ್ಚು ಅರ್ಜಿದಾರರ ಮೇಲೆ ಬೀಳುತ್ತದೆ. ಹಳ್ಳಿಯಿಂದ ಅರ್ಧ ದಿನದ ಕೂಲಿ ಬಿಟ್ಟು ಬಂದ ತಂದೆ 'ಸರ್ವರ್ ಡೌನ್' ಎಂಬ ಎರಡು ಶಬ್ದ ಕೇಳಿ ಮರಳುವಾಗ ಅದನ್ನು ಯಾವ ಲೆಕ್ಕಪುಸ್ತಕವೂ ಬರೆದುಕೊಳ್ಳುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಯಾರು ಯಾರೊಡನೆ ಎಷ್ಟು ಸಲ ಮಾತನಾಡಿದರೆಂಬ ನಕಾಶೆ, ಮಾತಿನ ತಿರುಳು ತೆರೆಯದಿದ್ದರೂ, ಗೂಢಚಾರಿಕೆಯ ಸಾಧನವಾಗಬಲ್ಲದು. ಆದುದರಿಂದ ನಕಾಶೆಯಲ್ಲಿ ಸೇವೆಗಳ ಹೆಸರಿರಲಿ, ಮನುಷ್ಯರ ಹೆಸರು ಬೇಡ. ಅದನ್ನು ಯಾರು ನೋಡಬಹುದು, ಎಷ್ಟು ದಿನ ಇಡಬಹುದು ಎಂಬುದು ಮೊದಲೇ ಬರೆದಿರಲಿ.

ತಂತ್ರಾಂಶ ಕೊಳ್ಳುವ ವಿದ್ಯಾಸಂಸ್ಥೆಗಳೂ ಕಚೇರಿಗಳೂ ಮೂರು ಪ್ರಶ್ನೆಗಳನ್ನು ಕರಾರಿನಲ್ಲೇ ಸೇರಿಸಲಿ: ಹರಿವಿನ ನಕಾಶೆ ಇದೆಯೇ? ವ್ಯವಸ್ಥೆ ಕುಸಿದಾಗಲೂ ಅದು ಕಾಣುತ್ತದೆಯೇ? ಅದನ್ನು ಓದಿ ನಮ್ಮ ಭಾಷೆಯಲ್ಲಿ ಕಾರಣ ಹೇಳುವವರು ಯಾರು? ಈ ಮೂರನೆಯ ಪ್ರಶ್ನೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಪಾತ್ರವಿದೆ. ಸಾವಿರ ಗೆರೆಗಳ ಗೋಜಲಿನಲ್ಲಿ ಯಾವುದು ಮುಖ್ಯ, ಯಾವುದು ಪ್ರಾಸಂಗಿಕ, ಎಲ್ಲಿ ಮೌನವಿದೆ ಎಂದು ಗುರುತಿಸುವುದು ಹಳೆಯ ಪಠ್ಯವನ್ನು ಓದುವವರ ಅಭ್ಯಾಸಕ್ಕೆ ದೂರದ್ದಲ್ಲ. ಪುಣೆ, ಬೆಂಗಳೂರು, ಹೈದರಾಬಾದುಗಳ ಕಡೆಗೆ ಹೋಗುವ ನಮ್ಮ ಮಕ್ಕಳು ಕಂಟೇನರ್, ಕರ್ನೆಲ್ ಎಂಬ ಶಬ್ದಗಳನ್ನು ಹಾಗೆಯೇ ಬಳಸಲಿ, ಅದರಲ್ಲಿ ಕೊರತೆಯಿಲ್ಲ. ಆದರೆ ಕಾರಣವನ್ನು ಮಾತ್ರ, ಕೌಂಟರಿನ ಮುಂದೆ ನಿಂತವರಿಗೆ ತಿಳಿಯುವಂತೆ, ಕನ್ನಡದಲ್ಲೋ ಮರಾಠಿಯಲ್ಲೋ ಪೂರ್ಣವಾಕ್ಯದಲ್ಲಿ ಹೇಳಲಿ.