ಘರಾನೆ ಅಂದರೆ ಮನೆ. ಆ ಮನೆ ನಡೆಸಿದವರು ಯಾರು?

ಕಿರಾನಾ ಘರಾನೆಯ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಿಗೆ ಒಂದು ಅಚ್ಚು ತಯಾರಾಗಿದೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ಉತ್ತರದಿಂದ ಬಂದರು, ಮೈಸೂರು ದರ್ಬಾರಿಗೆ ಹೋಗಿಬರುವ ದಾರಿಯಲ್ಲಿ ಧಾರವಾಡದಲ್ಲಿ ತಂಗಿದರು, ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಲ್ಲಿಗೆ ವಂಶವೃಕ್ಷ ಪೂರ್ತಿ. ಕರೀಂ ಖಾನರ ಮಗಳು ಹೀರಾಬಾಯಿ ಬಡೋದೆಕರ್ ಈ ಕಥೆಯಲ್ಲಿ ಬಂದರೆ ಅಪ್ಪನ ಹೆಸರಿನ ಪಕ್ಕ ಆವರಣ ಚಿಹ್ನೆಯೊಳಗೆ ಬರುತ್ತಾರೆ. ಅವರು ಹಾಡಿದ್ದು, ನಾಟಕ ಕಟ್ಟಿದ್ದು, ಶಾಲೆ ನಡೆಸಿದ್ದು ಯಾವುದಕ್ಕೂ ಆ ಆವರಣದೊಳಗೆ ಜಾಗವಿಲ್ಲ. ನನ್ನ ತಕರಾರು ಈ ಆವರಣದ ಮೇಲೆ.

ಹೀರಾಬಾಯಿ ಹುಟ್ಟಿದ್ದು 1905ರಲ್ಲಿ, ಮಿರಜದಲ್ಲಿ. ಕಾಗವಾಡದಿಂದ ಹೊರಟು ಮ್ಹೈಸಾಳ ದಾಟಿದರೆ ಮಿರಜ. ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಹಿಡಿದು ಹೋಗುವ ರೈಲು ನಿಲ್ಲುವುದೂ ಅಲ್ಲೇ. ಅಥಣಿಯವರು ದವಾಖಾನೆಗೆ, ನಿಪ್ಪಾಣಿಯವರು ಮದುವೆ ಸಂಬಂಧಕ್ಕೆ, ಹಾಡು ಕಲಿಯುವವರು ತಂಬೂರಿ ಕೊಳ್ಳುವುದಕ್ಕೆ ಆ ಕಡೆ ಹೋಗಿಬರುವುದು ನಮಗೆ ಹೊಸದಲ್ಲ. ಕರೀಂ ಖಾನರ ನೆನಪಿಗೆ ಮೀರಾಸಾಹೇಬ ದರ್ಗಾದಲ್ಲಿ ಉರುಸಿನ ಹೊತ್ತಿಗೆ ನಡೆಯುವ ಕಛೇರಿಗೂ ನಮ್ಮ ಜನ ಹೋಗುತ್ತಾರೆ. ಆದರೂ ಹೀರಾಬಾಯಿ ಅಂದಾಕ್ಷಣ ‘ಅವರು ಮರಾಠಿಯವರು’ ಎಂಬ ಉತ್ತರ ಬರುತ್ತದೆ. 1905ರಲ್ಲಿ ಈ ಗಡಿ ಎಲ್ಲಿತ್ತು? ಮಿರಜ ಪಟವರ್ಧನರ ಸಂಸ್ಥಾನ, ರಾಯಬಾಗ ಕೊಲ್ಹಾಪುರದ ಕೆಳಗೆ, ಅಥಣಿ ಚಿಕ್ಕೋಡಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ. 1956ರ ಗೆರೆಯನ್ನು ಹಿಂದಕ್ಕೆ ಎಳೆದು ಒಬ್ಬ ಗಾಯಕಿಯನ್ನು ಆಚೆ ದಬ್ಬುವವರು, ಅದೇ ಊರಲ್ಲಿ ಮಣ್ಣಾದ ಅಪ್ಪನನ್ನು ಮಾತ್ರ ಈಚೆ ಎಳೆದುಕೊಳ್ಳುತ್ತಾರೆ. ಇದೆಂಥ ಲೆಕ್ಕ?

ಈ ಲೆಕ್ಕ ಗಡಿಯದು ಮಾತ್ರ ಅನ್ನಿಸುವುದಿಲ್ಲ. ಘರಾನೆ ಎಂಬ ಶಬ್ದದ ಹೊಟ್ಟೆಯಲ್ಲಿ ‘ಘರ್’ ಇದೆ, ಮನೆ. ಕರೀಂ ಖಾನರ ಮನೆಯಲ್ಲಿ ಏನಾಯಿತೆಂದು ನೋಡಿ. ಬಡೋದೆಯಲ್ಲಿ ಅವರ ಕೈಹಿಡಿದ ತಾರಾಬಾಯಿ ಮಾನೆ 1920ರ ದಶಕದ ಆರಂಭದಲ್ಲಿ ಐದು ಮಕ್ಕಳನ್ನು ಕರೆದುಕೊಂಡು ಹೊರಬಂದರು. ಮಕ್ಕಳಿಗೆ ಹೊಸ ಹೆಸರು ಬಂದವು: ಅಬ್ದುಲ್ ರೆಹಮಾನ್ ಸುರೇಶಬಾಬು ಆದ, ಚಂಪಾಕಲಿ ಹೀರಾಬಾಯಿ ಆದಳು, ಸಕೀನಾ ಮುಂದೆ ಸರಸ್ವತಿ ರಾಣೆ ಎಂದು ಪ್ರಸಿದ್ಧಳಾದಳು. ಗಂಡನಿಲ್ಲದ, ಆಸ್ತಿಯಿಲ್ಲದ ಒಬ್ಬ ಹೆಂಗಸು ಐದು ಮಕ್ಕಳಲ್ಲಿ ಸಂಗೀತ ಬತ್ತದಂತೆ ನೋಡಿಕೊಂಡಳು. ಹೀರಾಬಾಯಿಗೆ ಪಾಠ ಹೇಳಿದವರು ಅಣ್ಣ ಸುರೇಶಬಾಬು ಮತ್ತು ಉಸ್ತಾದ್ ಅಬ್ದುಲ್ ವಹೀದ್ ಖಾನ್. ಅಪ್ಪನ ಗಾಯಕಿ ಮಗಳಿಗೆ ಬಂದದ್ದು ಅಪ್ಪನಿಲ್ಲದ ಮನೆಯಿಂದ. ತಾರಾಬಾಯಿಯ ಹೆಸರನ್ನು ನಮ್ಮ ಯಾವ ಘರಾನೆ ಲೇಖನ ಗುರುಪರಂಪರೆಯಲ್ಲಿ ಬರೆಯುತ್ತದೆ?

ಈ ಕುಟುಂಬ ನಡೆಸಿದ ನೂತನ ಸಂಗೀತ ವಿದ್ಯಾಲಯ ಹಾಡು ಕಲಿಸುತ್ತಿತ್ತು. 1929ರಲ್ಲಿ ಅದರದೇ ನಾಟಕ ಶಾಖೆ ಶುರುವಾಯಿತು. ಬಾಲಗಂಧರ್ವರು ಸೀರೆಯುಟ್ಟು ರಂಗಕ್ಕೆ ಬಂದರೆ ಹೆಂಗಸರೇ ಅವರ ಸೀರೆ ನೋಡಿ ಕಲಿಯುತ್ತಿದ್ದ ಕಾಲ ಅದು. ಹೆಣ್ಣಿನ ಪಾತ್ರ ಗಂಡಸಿನದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅಂಥಲ್ಲಿ ಹೀರಾಬಾಯಿ ಮತ್ತು ತಂಗಿಯರು ತಾವೇ ಹೆಣ್ಣು ಪಾತ್ರ ಮಾಡಿ, ಗಂಡಸು ನಟರ ಎದುರು ನಿಂತು ಹಾಡಿದರು. ‘ಸೌಭದ್ರ’ದಂಥ ನಾಟಕವನ್ನು ಪಾಶ್ಚಾತ್ಯರು ಕಂಡಿದ್ದರೆ ಆಪೆರಾ ಎನ್ನುತ್ತಿದ್ದರು. ಅದನ್ನು ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಗುರ್ಲಹೊಸೂರಿನವರು. ಅದಕ್ಕೂ ಮೊದಲು ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಹೋದ ಭಾಗವತ ಮೇಳದ ಆಟ ನೋಡಿಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ಸಂಗೀತ ನಾಟಕದ ಬೇರು ಕನ್ನಡದ್ದು ಎಂದು ಎದೆ ತಟ್ಟಿಕೊಳ್ಳುವ ನಾವು, ಆ ಬೇರಿನಿಂದ ಬಂದ ಇಷ್ಟು ದೊಡ್ಡ ಫಲವನ್ನು ಕೈಯಿಂದ ಮುಟ್ಟುವುದಿಲ್ಲ.

ನಾಟಕದ ಕಂಪನಿ ಬಹಳ ವರ್ಷ ಬಾಳಲಿಲ್ಲ. 1931ರಲ್ಲಿ ಟಾಕಿ ಬಂದ ಮೇಲೆ ಎಷ್ಟೋ ಕಂಪನಿಗಳ ಪರದೆ ಸುತ್ತಿಟ್ಟದ್ದೇ ಆಯಿತು. ‘ಮುಚ್ಚಿಹೋದ ಕಂಪನಿಗೆ ಇಷ್ಟೇಕೆ ಮಾತು’ ಎಂದು ಕೇಳುವವರಿದ್ದಾರೆ. ಕಂಪನಿ ಮುಚ್ಚಿತು, ಹೀರಾಬಾಯಿ ಮುಚ್ಚಲಿಲ್ಲ. ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ಮಾಡಿದ ಮೊದಲ ಗಾಯಕಿ ಎಂದು ಅವರನ್ನು ಗುರುತಿಸುತ್ತಾರೆ. ಈ ಟಿಕೆಟ್ಟಿನ ವಿಷಯ ಸಣ್ಣದೆಂದು ಹಾರಿಸಿಬಿಡಬೇಡಿ. ಅಲ್ಲಿಯವರೆಗೆ ಹಾಡುವ ಹೆಣ್ಣನ್ನು ಕರೆಸುವವನೊಬ್ಬ ಇರುತ್ತಿದ್ದ: ಸಂಸ್ಥಾನಿಕ, ಸಾವಕಾರ, ಇನಾಮದಾರ. ಅವನು ಕೊಟ್ಟಷ್ಟು, ಅವನು ಕರೆದಲ್ಲಿ. ಟಿಕೆಟ್ ಬಂದಾಗ ಕೇಳುವವನು ಬರೀ ಕೇಳುಗನಾದ, ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತ, ಹಾಡು ಮುಗಿದ ಮೇಲೆ ಎದ್ದು ಮನೆಗೆ ಹೋದ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸುವುದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆ ಮಾಡಬೇಕಾಗಿ ಬಂದ ನೆಲ ಇದು. ಹೆಣ್ಣಿನ ಕೊರಳು ಮತ್ತು ಹೆಣ್ಣಿನ ಮಾನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ನೆಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ಹೀರಾಬಾಯಿ ಗಂಭೀರವಾಗಿ ಕೂತು, ಹಾವಭಾವ ಬಿಟ್ಟು, ಸೆರಗು ಹೊದ್ದು ಹಾಡಿ ಗಳಿಸಿದ ಮರ್ಯಾದೆಯನ್ನು ಆಮೇಲಿನ ಮೇಲ್ಜಾತಿ ಸಂಗೀತ ಸಭೆಗಳು ತಮಗೆ ಬೇಕಾದಂತೆ ಬಳಸಿಕೊಂಡವು. ‘ಅವರು ಸಂಭಾವಿತರು’ ಎನ್ನುವಾಗ ಉಳಿದ ಹಾಡುಗಾರ್ತಿಯರೆಲ್ಲ ಏನು ಎಂಬ ಪ್ರಶ್ನೆ ಹಿಂದೆ ಬಿದ್ದುಕೊಂಡೇ ಇತ್ತು. ಅದರ ಹೊಣೆ ಹಾಡಿದವಳ ಮೇಲೆ ಹಾಕಲು ನಾನು ತಯಾರಿಲ್ಲ.

ಹೊರಗಿನದೊಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ 1848ರಲ್ಲಿ ಹುಟ್ಟಿದ ಲಿಲ್ಲಿ ಲೆಹ್ಮನ್‌ಗೂ ಮೊದಲ ಗುರು ತಾಯಿಯೇ, ಆಕೆಯೂ ಗಾಯಕಿ. ಲಿಲ್ಲಿ 1876ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರನ ‘ರಿಂಗ್’ ಮೊದಲ ಸಲ ಪೂರ್ತಿಯಾಗಿ ನಡೆದಾಗ ಹಾಡಿದವಳು, ಗಾಯನಕಲೆಯ ಮೇಲೆ ಪುಸ್ತಕ ಬರೆದವಳು, ಆಸ್ಟ್ರಿಯಾದ ಸಾಲ್ಜ್‌ಬುರ್ಗ್‌ನ ಮೊತ್ಸಾರ್ಟಿಯಮ್‌ನಲ್ಲಿ 1916ರಲ್ಲಿ ಬೇಸಿಗೆ ತರಗತಿ ಆರಂಭಿಸಿದವಳು. ಆಕೆ ತೀರಿಕೊಂಡದ್ದು 1929ರಲ್ಲಿ, ಹೀರಾಬಾಯಿ ರಂಗ ಕಟ್ಟಿದ ವರ್ಷವೇ. ಲಿಲ್ಲಿ ಜರ್ಮನಿಯವಳು, ಶಾಲೆ ಆಸ್ಟ್ರಿಯಾದ್ದು. ಆ ಶಾಲೆಯ ಪ್ರತಿಷ್ಠಾನ ಇವತ್ತಿಗೂ ಅವಳ ಹೆಸರಿನ ಪದಕ ಕೊಡುತ್ತದೆ. ಎರಡು ದೇಶಗಳ ನಡುವಿನ ಗಡಿ ಆ ಹೆಸರಿಗೆ ಅಡ್ಡ ಬರಲಿಲ್ಲ. ನಮ್ಮದು ಒಂದೇ ದೇಶದ ಎರಡು ರಾಜ್ಯ.

ಹೀರಾಬಾಯಿಗೆ ಮನ್ನಣೆ ಸಿಗಲಿಲ್ಲ ಎಂದು ಅಳುತ್ತಿಲ್ಲ. 1965ರಲ್ಲಿ ಸಂಗೀತ ನಾಟಕ ಅಕಾಡೆಮಿ, 1970ರಲ್ಲಿ ಪದ್ಮಭೂಷಣ, ಎಲ್ಲ ಬಂದವು. ಪ್ರಭಾ ಅತ್ರೆಯವರಂಥ ಶಿಷ್ಯೆ ಬಂದರು. ನಮ್ಮ ಬಸವರಾಜ ರಾಜಗುರುಗಳೂ ಸುರೇಶಬಾಬು ಅವರಲ್ಲಿ ಕಲಿತವರು, ಅಂದರೆ ಆ ತಾಯಿಯ ಮನೆಯ ಋಣ ಧಾರವಾಡಕ್ಕೂ ಇದೆ. ಅವರಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ಬೇಕಾಗಿರುವುದು ನಮ್ಮ ಹುಡುಗಿಯರಿಗೆ.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತ ಗೀತೆ ಹಾಡಿದ್ದನ್ನು ಎಲ್ಲರೂ ಬರೆಯುತ್ತಾರೆ. ಊಟದ ಪಂಕ್ತಿಯಲ್ಲಿ ತನ್ನನ್ನು ಬೇರೆ ಕೂರಿಸುತ್ತಾರೇನೋ ಎಂದು ಆ ಹುಡುಗಿ ಹೆದರಿದ್ದನ್ನು ಅಷ್ಟೇ ಜನ ಬರೆಯುವುದಿಲ್ಲ. ನೂರು ವರ್ಷ ಆಯಿತು. ಈ ಐದು ತಾಲೂಕುಗಳಲ್ಲಿ ನಾನು ಕೂತ ಸಭೆಗಳಲ್ಲಿ ಇವತ್ತಿಗೂ ಹುಡುಗಿಯರು ಹಾಡುವುದು ಸ್ವಾಗತ ಗೀತೆಯನ್ನೇ. ಎರಡು ನಿಮಿಷ ಹಾಡಿ ಸಾಲಾಗಿ ಇಳಿದು ಹೋಗುತ್ತಾರೆ, ಮೈಕು ಗಂಡಸರ ಕಡೆ ತಿರುಗುತ್ತದೆ. ಒಂದು ಕಾಲೇಜಿನಲ್ಲಿ, ಚೆನ್ನಾಗಿ ಹಾಡುವ ಹುಡುಗಿಯ ಬಗ್ಗೆ ಅಧ್ಯಾಪಕರೊಬ್ಬರು ‘ಹಾಡಾಕ ಬಿಡತಾರ, ಕಲಿಯಾಕ ಬಿಡೂದಿಲ್ಲ’ ಅಂದರು. ಕಲಿಯಬೇಕೆಂದರೂ ಎಲ್ಲಿಗೆ ಹೋಗಬೇಕು? ಗಂಗೂಬಾಯಿ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಕಾಗವಾಡದಿಂದ ಮೈಸೂರಿಗೆ ಒಂದು ರಾತ್ರಿಯ ದಾರಿ, ಮಿರಜಕ್ಕೆ ಅರ್ಧ ತಾಸು.

ಕಾಗವಾಡ ಅಥಣಿಯಿಂದ, ನಿಪ್ಪಾಣಿ ಚಿಕ್ಕೋಡಿಯಿಂದ ಬೇರೆಯಾಗಿ ತಾಲೂಕುಗಳಾದವು. ಹೊಸ ಕಚೇರಿ ಬಂದವು, ಬೋರ್ಡು ಯಾವ ಭಾಷೆಯಲ್ಲಿರಬೇಕೆಂಬ ಜಗಳವೂ ಬಂತು. ಅಂಥ ಒಂದು ಕಟ್ಟಡದಲ್ಲಿ ಒಂದು ಕೋಣೆ, ಎರಡು ಮಿರಜ ತಂಬೂರಿ, ಪಗಾರ ಸಿಗುವ ಒಬ್ಬ ಶಿಕ್ಷಕಿ. ಬಾಗಿಲ ಮೇಲೆ ಹೀರಾಬಾಯಿ ಹೆಸರು ಬೇಕಿದ್ದರೆ ಎರಡೂ ಲಿಪಿಯಲ್ಲಿ ಬರೆಯಿರಿ.